ಕ್ಷೌರಯಂತ್ರದ ಡಬ್ಬಿ ಹೇಳದ ಮಾತು

ಫ್ರಿಜ್ಜು, ವಾಷಿಂಗ್ ಮೆಷಿನ್ ಕೊಳ್ಳುವ ಮುನ್ನ ನಾಲ್ಕು ಅಂಗಡಿ ಹತ್ತಿಳಿದು, ಬಲ್ಲವರನ್ನು ವಿಚಾರಿಸಿ, ಲೆಕ್ಕ ಹಾಕುವ ನಮ್ಮ ಮಧ್ಯಮ ವರ್ಗದ ಗ್ರಾಹಕ, ಗಡ್ಡ ಕತ್ತರಿಸುವ ಯಂತ್ರವನ್ನು ಮಾತ್ರ ಡಬ್ಬಿಯ ಮೇಲಿನ ಚಿತ್ರ ನೋಡಿ ಕೊಂಡುಬಿಡುತ್ತಾನೆ. ಒಂದೆರಡು ಸಾವಿರ ರೂಪಾಯಿಯ ವಸ್ತುವಿಗೆ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ ಎಂಬ ಉದಾಸೀನ ಇದಕ್ಕೆ ಒಂದು ಕಾರಣ. ಗಡ್ಡಕ್ಕೂ ಮೈಯ ರೋಮಕ್ಕೂ ಒಂದೇ ಯಂತ್ರ ಸಾಕೇ ಎಂದು ಅಂಗಡಿಯವರನ್ನು ಕೇಳಲು ಅಡ್ಡಬರುವ ಸಂಕೋಚ ಇನ್ನೊಂದು ಕಾರಣ. ಕೇಳದ ಪ್ರಶ್ನೆಗೆ ಮಾರುಕಟ್ಟೆ ಉತ್ತರ ಕೊಡುವುದಿಲ್ಲ. ಯಲಹಂಕ ಉಪನಗರ, ಹೆಬ್ಬಾಳ, ಆರ್.ಟಿ. ನಗರಗಳ ಯಾವುದೇ ಎಲೆಕ್ಟ್ರಾನಿಕ್ಸ್ ಮಳಿಗೆಗೆ ಹೋದರೂ ‘ಟೆನ್ ಇನ್ ಒನ್’, ‘ಟ್ವೆಲ್ವ್ ಇನ್ ಒನ್’ ಎಂದು ಬರೆದ ಡಬ್ಬಿಗಳೇ ಕಣ್ಣಿಗೆ ಬೀಳುತ್ತವೆ. ಆ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬ ಒಂದು ಮಾತು ಅವುಗಳ ಮೇಲೆ ಇರುವುದಿಲ್ಲ.

ವಿದ್ಯುತ್ ಕ್ಷೌರಯಂತ್ರ ಹೊಸದೇನಲ್ಲ. ಅಮೆರಿಕದ ಜೇಕಬ್ ಷಿಕ್ ತನ್ನ ಯಂತ್ರವನ್ನು ಮಾರಾಟಕ್ಕೆ ತಂದದ್ದು 1931ರಲ್ಲಿ. ಹಾಲೆಂಡಿನ ಫಿಲಿಪ್ಸ್ ಕಂಪನಿ ತಿರುಗುವ ಬ್ಲೇಡಿನ ಮಾದರಿಯನ್ನು ತಂದದ್ದು 1939ರಲ್ಲಿ. ನಮ್ಮ ಮನೆಗಳಲ್ಲಿ ಅದು ಬಹುಕಾಲ ವಿದೇಶದಿಂದ ಬಂದ ನೆಂಟರು ತಂದುಕೊಡುವ ಉಡುಗೊರೆಯಾಗಿತ್ತು. 2018ರ ಜುಲೈಯಲ್ಲಿ ಜಿಎಸ್‌ಟಿ ಮಂಡಳಿ ಈ ಯಂತ್ರಗಳ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿದಾಗ, ಇದು ಭೋಗವಸ್ತುವಲ್ಲ, ದಿನಬಳಕೆಯ ವಸ್ತು ಎಂಬುದನ್ನು ಸರ್ಕಾರವೂ ಒಪ್ಪಿಕೊಂಡಂತಾಯಿತು. 2020ರ ಮಾರ್ಚ್ ಕೊನೆಯಿಂದ ಕ್ಷೌರದಂಗಡಿಗಳು ವಾರಗಟ್ಟಲೆ ಬಾಗಿಲು ಮುಚ್ಚಿದಾಗ ಟ್ರಿಮ್ಮರ್ ಅನೇಕ ಮನೆಗಳಿಗೆ ಅನಿವಾರ್ಯವಾಗಿ ಬಂತು. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತ್ತು. ಆ ವೃತ್ತಿಗೆ ಬಿದ್ದ ಪೆಟ್ಟಿನ ಅಳತೆ ಅದು. ಅಂಗಡಿಗಳು ಮತ್ತೆ ತೆರೆದವು. ಮನೆಗೆ ಬಂದ ಯಂತ್ರ ಮನೆಯಲ್ಲೇ ಉಳಿಯಿತು.

ಹೀಗೆ ಉಳಿದ ಯಂತ್ರವನ್ನು ನಾವು ಆರಿಸುವ ಬಗೆ ಹೇಗೆ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲೋಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಸತ್ಯವನ್ನು ತೋರಿಸಿದರು. ಮಾರುವವನಿಗೆ ಗೊತ್ತಿರುವ ಗುಣ ಕೊಳ್ಳುವವನಿಗೆ ಕಾಣದೆ ಹೋದರೆ, ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗುವುದಿಲ್ಲ; ಕ್ರಮೇಣ ಕಳಪೆ ಸರಕೇ ಮಾರುಕಟ್ಟೆಯಲ್ಲಿ ನಿಲ್ಲುತ್ತದೆ. ಟ್ರಿಮ್ಮರಿನ ಮಾರುಕಟ್ಟೆಗೂ ಈ ಮಾತು ಅನ್ವಯಿಸುತ್ತದೆ. ಡಬ್ಬಿಯಲ್ಲಿ ಎಷ್ಟು ಬಾಚಣಿಕೆಗಳಿವೆ ಎಂಬುದನ್ನು ಯಾರು ಬೇಕಾದರೂ ಎಣಿಸಬಹುದು. ಬ್ಲೇಡಿನ ಉಕ್ಕು ಎಂಥದು, ಒಳಗಿನ ಬ್ಯಾಟರಿಯನ್ನು ಬದಲಿಸಬಹುದೇ, ಮೂರು ವರ್ಷದ ಅನಂತರ ಅದೇ ಮಾದರಿಯ ಬ್ಲೇಡು ದೊರೆಯುತ್ತದೆಯೇ ಎಂಬುದನ್ನು ಎಣಿಸಲಾಗದು. ಆದ್ದರಿಂದ ಪೈಪೋಟಿಯೆಲ್ಲ ಬಾಚಣಿಕೆಗಳ ಸಂಖ್ಯೆಯಲ್ಲಿ ನಡೆಯುತ್ತದೆ.

‘ಬಹೂಪಯೋಗಿ’ ಎಂಬ ಪದವನ್ನು ಮೊದಲು ಬಿಡಿಸಿ ನೋಡಬೇಕು. ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಮೂರು ಬಗೆಯ ಯಂತ್ರ. ಮೊದಲನೆಯದು ಷೇವರ್. ತೆಳು ಲೋಹದ ಜಾಲರಿಯ ಹಿಂದೆ ಬ್ಲೇಡು ಓಡಾಡುವ ಅಥವಾ ದುಂಡಗೆ ತಿರುಗುವ ಇದು ನುಣ್ಣಗೆ ಬೋಳಿಸುತ್ತದೆ. ವಾರದ ಗಡ್ಡದ ಮುಂದೆ ತಿಣುಕುತ್ತದೆ. ಎರಡನೆಯದು ಟ್ರಿಮ್ಮರ್. ಒಂದು ಸ್ಥಿರ, ಒಂದು ಚಲಿಸುವ ಎರಡು ಹಲ್ಲಿನ ಬ್ಲೇಡುಗಳು ಕತ್ತರಿಯಂತೆ ಕೆಲಸ ಮಾಡುತ್ತವೆ. ಬಾಚಣಿಕೆ ಉದ್ದವನ್ನು ನಿರ್ಧರಿಸುತ್ತದೆ. ಇದು ಕೂದಲನ್ನು ಗಿಡ್ಡ ಮಾಡುತ್ತದೆಯೇ ಹೊರತು ಚರ್ಮದ ಮಟ್ಟಕ್ಕೆ ಬೋಳಿಸುವುದಿಲ್ಲ. ಮೂರನೆಯದು ಇತ್ತೀಚಿನ ಮಿಶ್ರ ಮಾದರಿ: ತೆಳುವಾದ ರಕ್ಷಾಪಟ್ಟಿಯ ನಡುವೆ ಸಣ್ಣ ಬ್ಲೇಡು ಚಲಿಸಿ, ಬಹುಮಟ್ಟಿಗೆ ನುಣುಪಾಗಿ ಕತ್ತರಿಸುತ್ತದೆ, ಬ್ಲೇಡನ್ನು ಆಗಾಗ ಬದಲಿಸಬೇಕು. ಗಡ್ಡವನ್ನು ಒಂದು ಅಳತೆಯಲ್ಲಿ ಇಟ್ಟುಕೊಂಡು, ಮೈಯ ರೋಮವನ್ನೂ ಗಿಡ್ಡವಾಗಿಡಲು ಬಯಸುವವರಿಗೆ ಎರಡನೆಯ ಅಥವಾ ಮೂರನೆಯ ಬಗೆಯ ಒಂದು ಯಂತ್ರ, ಎರಡು ಗಟ್ಟಿಯಾದ ಬಾಚಣಿಕೆ ಮತ್ತು ಪ್ರತ್ಯೇಕವಾಗಿ ಬಿಚ್ಚಿ ಹಾಕಬಹುದಾದ ಎರಡು ಬ್ಲೇಡು ಧಾರಾಳವಾಗಿ ಸಾಕು. ಉಳಿದ ಬಾಚಣಿಕೆಗಳು ಬಚ್ಚಲಿನ ಕಪಾಟಿನಲ್ಲಿ ಧೂಳು ಹಿಡಿಯುತ್ತವೆ.

ಎರಡು ಬ್ಲೇಡು ಏಕೆ? ಇದು ಶುಚಿತ್ವದ ಪ್ರಶ್ನೆ. ತೊಡೆಸಂದಿಯಲ್ಲಿ ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕು ಇರುವುದು ನಮ್ಮ ದೇಶದಲ್ಲಿ ತೀರ ಸಾಮಾನ್ಯ. ಅಲ್ಲಿ ಓಡಿಸಿದ ಬ್ಲೇಡನ್ನೇ ಮುಖಕ್ಕೆ ತಂದರೆ ಸೋಂಕೂ ಜೊತೆಗೆ ಬರಬಹುದು. ತಂದೆ ಮಕ್ಕಳು ಒಂದೇ ಯಂತ್ರ ಹಂಚಿಕೊಳ್ಳುವ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು; ಹೆಪಟೈಟಿಸ್ ಬಿ ವೈರಾಣು ಹಂಚಿಕೊಂಡ ಕ್ಷೌರಸಾಧನಗಳ ಮೂಲಕ ಹರಡಬಲ್ಲದು. ನುಣ್ಣಗೆ ಬೋಳಿಸಿದಷ್ಟೂ ಶುಚಿ ಎಂಬ ನಂಬಿಕೆಯೂ ಸರಿಯಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ರೋಮವನ್ನು ತೆಗೆಯಲೇಬೇಕಿದ್ದರೆ ಕ್ಲಿಪ್ಪರಿನಿಂದ ಕತ್ತರಿಸಬೇಕು, ರೇಜರಿನಿಂದ ಬೋಳಿಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರೇಜರು ಚರ್ಮದಲ್ಲಿ ಮಾಡುವ ಕಣ್ಣಿಗೆ ಕಾಣದ ಗೀರುಗಳು ಸೋಂಕಿಗೆ ದಾರಿಯಾಗುತ್ತವೆ ಎಂಬುದೇ ಇದರ ತರ್ಕ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವ ಹಿರಿಯರಿಗೆ, ಗಾಯ ಬೇಗ ಮಾಯದ ಮಧುಮೇಹಿಗಳಿಗೆ, ಕೈ ನಡುಗುವವರಿಗೆ ಒಳ್ಳೆಯ ವಿದ್ಯುತ್ ಯಂತ್ರ ಶೋಕಿಯಲ್ಲ, ಸುರಕ್ಷತೆ. ಇಂಥವರೇ ಹೆಚ್ಚು ಕೊಳ್ಳುವ ವಸ್ತುವಿನ ಗುಣಮಟ್ಟ ಡಬ್ಬಿಯ ಚಿತ್ರದ ಪಾಲಾಗಬಾರದು.

ಇನ್ನು ಯಂತ್ರದ ಆಯುಷ್ಯ. ಹಳೆಯ ನಿಕ್ಕಲ್ ಬ್ಯಾಟರಿಯ ಅಗ್ಗದ ಮಾದರಿಗಳನ್ನು ರಾತ್ರಿಯಿಡೀ ಚಾರ್ಜ್ ಮಾಡಬೇಕಿತ್ತು. ಲಿಥಿಯಂ ಬ್ಯಾಟರಿಯವು ಒಂದೆರಡು ಗಂಟೆಯಲ್ಲಿ ಸಿದ್ಧವಾಗುತ್ತವೆ. ಆದರೆ ಲಿಥಿಯಂ ಬ್ಯಾಟರಿಯೂ ಅಮರವಲ್ಲ. ಪೂರ್ತಿ ಬರಿದು ಮಾಡಿ ತಿಂಗಳುಗಟ್ಟಲೆ ಇಟ್ಟರೆ ಬೇಗ ಸಾಯುತ್ತದೆ. ನೀರಿನ ವಿಷಯದಲ್ಲಿ ‘ವಾಷಬಲ್’ ಎಂಬ ಪದವೊಂದನ್ನೇ ನಂಬದೆ, ಅದರ ಅಂಕೆಯನ್ನು ನೋಡಬೇಕು. ಐಪಿಎಕ್ಸ್ 4 ಎಂದರೆ ನೀರಿನ ಎರಚಲನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ಐಪಿಎಕ್ಸ್ 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳಬಲ್ಲದು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದರೂ ಉತ್ತರ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕೊಳವೆಬಾವಿಯ, ಟ್ಯಾಂಕರಿನ ಗಡಸು ನೀರೂ ಬಳಕೆಯಲ್ಲಿದೆ. ಅಂಥ ನೀರಿನಲ್ಲಿ ತೊಳೆದು ಹಾಗೇ ಇಟ್ಟರೆ ಬಕೆಟ್ಟಿಗೆ ಕಟ್ಟುವ ಬಿಳಿ ಸುಣ್ಣದ ಪದರವೇ ಬ್ಲೇಡಿಗೂ ಕಟ್ಟುತ್ತದೆ. ತೊಳೆದ ಮೇಲೆ ಒಣಗಿಸಿ ಒಂದು ಹನಿ ಎಣ್ಣೆ ಬಿಡುವುದು ಮೊಂಡಾಗುವ ಬ್ಲೇಡಿನ ಆಯುಷ್ಯವನ್ನು ಹೆಚ್ಚಿಸುತ್ತದೆ.

ಆದರೆ ಎಷ್ಟೇ ಜೋಪಾನ ಮಾಡಿದರೂ ಬ್ಲೇಡು ಒಂದು ದಿನ ಮೊಂಡಾಗುತ್ತದೆ, ಬ್ಯಾಟರಿ ಒಂದು ದಿನ ಸೋಲುತ್ತದೆ. ಮುಖ್ಯ ಪ್ರಶ್ನೆ ಬರುವುದು ಆಗ. ಒಂದು ಊಹೆಯ ಲೆಕ್ಕ ನೋಡೋಣ. 1,500 ರೂಪಾಯಿಯ ಯಂತ್ರ ಎರಡು ವರ್ಷಕ್ಕೆ ಕೈಕೊಟ್ಟು, ಅದರ ಬಿಡಿಭಾಗ ಸಿಗದಿದ್ದರೆ ಅದರ ವೆಚ್ಚ ವರ್ಷಕ್ಕೆ 750 ರೂಪಾಯಿ. 2,500 ರೂಪಾಯಿಯ ಯಂತ್ರಕ್ಕೆ ನಡುವೆ 500 ರೂಪಾಯಿಯ ಬ್ಲೇಡು, 600 ರೂಪಾಯಿಯ ಬ್ಯಾಟರಿ ಹಾಕಿಸಿ ಆರು ವರ್ಷ ಬಳಸಿದರೆ ವೆಚ್ಚ ವರ್ಷಕ್ಕೆ 600 ರೂಪಾಯಿ. ಅಗ್ಗದ್ದೇ ದುಬಾರಿ. ಆದರೆ ಈ ಲೆಕ್ಕ ಹಾಕಲು ಬೇಕಾದ ಎರಡು ಅಂಕೆಗಳು, ಅಂದರೆ ಬಿಡಿಭಾಗದ ಬೆಲೆ ಮತ್ತು ಅದು ಎಷ್ಟು ವರ್ಷ ದೊರೆಯುತ್ತದೆ ಎಂಬುದು, ಡಬ್ಬಿಯ ಮೇಲೆ ಇಲ್ಲ. ಗರಿಷ್ಠ ಮಾರಾಟ ಬೆಲೆ, ಆಮದುದಾರರ ಹೆಸರು, ತಯಾರಾದ ದೇಶ ಇವೆಲ್ಲವನ್ನೂ ನಮೂದಿಸಬೇಕೆಂದು ಕಾನೂನು ಹೇಳುತ್ತದೆ. ದುರಸ್ತಿಯ ಬಗ್ಗೆ ಮಾತ್ರ ಮೌನ.

ದುರಸ್ತಿ ಅಸಾಧ್ಯವೇ? ಬಡಾವಣೆಯ ಯಾವುದೇ ಕ್ಷೌರದಂಗಡಿಯ ಯಂತ್ರವನ್ನು ನೋಡಿ. ಸ್ಕ್ರೂ ಬಿಚ್ಚಿದರೆ ಬ್ಲೇಡು ಕೈಗೆ ಬರುತ್ತದೆ; ಎಣ್ಣೆ ಬಿಟ್ಟು, ಸರಿಹೊಂದಿಸಿ, ಸವೆದಾಗ ಹೊಸದನ್ನು ಹಾಕುತ್ತಾರೆ. ಅದರಿಂದಲೇ ಅನ್ನ ಕಾಣುವವರು ಬಿಸಾಡುವ ಯಂತ್ರವನ್ನು ಕೊಳ್ಳುವುದಿಲ್ಲ, ಆದ್ದರಿಂದ ಕಂಪನಿಗಳು ಅವರಿಗೆ ಬಾಳುವಂಥದನ್ನು ಮಾಡಿಕೊಡುತ್ತವೆ. ಯಶವಂತಪುರಕ್ಕೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ ತಯಾರಾದ ಎಚ್‌ಎಂಟಿ ಕೈಗಡಿಯಾರಗಳನ್ನೂ ನೆನೆಯಬಹುದು. ಆ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ; ಆದರೆ ಅದರ ಗಡಿಯಾರಗಳು ಇಂದಿಗೂ ಎಷ್ಟೋ ಕೈಗಳಲ್ಲಿ ನಡೆಯುತ್ತಿವೆ. ಬೀದಿಬದಿಯ ಗಡಿಯಾರ ರಿಪೇರಿಯವರೂ ಬಿಚ್ಚಿ ಜೋಡಿಸಬಹುದಾದ ಯಂತ್ರ ಅದಾಗಿತ್ತು. ತಯಾರಿಸಿದ ಕಂಪನಿಗಿಂತ ಹೆಚ್ಚು ಕಾಲ ವಸ್ತು ಬದುಕಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಈ ದಿಕ್ಕಿನಲ್ಲಿ ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ಆರಂಭಿಸಿತು. ವಸ್ತುವೊಂದು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆ ಎಂಬುದಕ್ಕೆ ಅಂಕ ನೀಡುವ ಸೂಚ್ಯಂಕದ ಬಗ್ಗೆ ಇಲಾಖೆಯ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿಯನ್ನೂ ಕೊಟ್ಟಿತು. ಅದರ ಗಮನ ಮೊದಲಿಗೆ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಮೇಲೆ. ಫ್ರಾನ್ಸ್ 2021ರ ಜನವರಿಯಲ್ಲೇ ಇಂಥ ಅಂಕವನ್ನು ಮೊಬೈಲು, ಟಿ.ವಿ., ವಾಷಿಂಗ್ ಮೆಷಿನ್ ಮೊದಲಾದವುಗಳಿಗೆ ಕಡ್ಡಾಯ ಮಾಡಿತು. ನಮ್ಮ ಸೂಚ್ಯಂಕ ಮೊಬೈಲಿನಲ್ಲೇ ನಿಲ್ಲದೆ ಟ್ರಿಮ್ಮರ್, ವಿದ್ಯುತ್ ಹಲ್ಲುಜ್ಜುವ ಬ್ರಷ್‌ನಂಥ ಸಣ್ಣ ಉಪಕರಣಗಳಿಗೂ ವಿಸ್ತರಿಸಬೇಕು. ದುಬಾರಿ ವಸ್ತು ಕೆಟ್ಟರೆ ಗ್ರಾಹಕ ಜಗಳವಾಡುತ್ತಾನೆ. ಅಗ್ಗದ್ದು ಕೆಟ್ಟರೆ ಸುಮ್ಮನೆ ಬಿಸಾಡುತ್ತಾನೆ. ಕಾನೂನಿನ ನೆರವು ಹೆಚ್ಚು ಬೇಕಿರುವುದು ಎರಡನೆಯದಕ್ಕೇ.

ನೀರು ನುಗ್ಗದಂತೆ ಮಾಡಬೇಕಾದರೆ ಯಂತ್ರವನ್ನು ಭದ್ರವಾಗಿ ಮುಚ್ಚಲೇಬೇಕು, ಬಿಚ್ಚುವಂತೆ ಮಾಡಿದರೆ ಸುರಕ್ಷತೆ ಕೆಡುತ್ತದೆ, ಬೆಲೆಯೂ ಏರುತ್ತದೆ ಎಂಬುದು ತಯಾರಕರ ಕಡೆಯಿಂದ ಬರಬಹುದಾದ ವಾದ. ಇದರಲ್ಲಿ ಸ್ವಲ್ಪ ಹುರುಳಿದೆ. ಐರೋಪ್ಯ ಒಕ್ಕೂಟ ಇದಕ್ಕೆ ಒಂದು ಮಧ್ಯಮಮಾರ್ಗ ಕಂಡುಕೊಂಡಿದೆ. ಅದರ 2023ರ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರುವರಿ 18ರಿಂದ ಸಣ್ಣ ಬ್ಯಾಟರಿಗಳನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ನೀರಿನಲ್ಲಿ ಬಳಸಿ ತೊಳೆಯಲೆಂದೇ ರೂಪಿಸಿದ ಉಪಕರಣಗಳಿಗೆ ವಿನಾಯಿತಿ ಇದೆ. ಅವುಗಳ ಬ್ಯಾಟರಿಯನ್ನು ಕಂಪನಿಗೆ ಸೇರದ ಸ್ವತಂತ್ರ ಮೆಕ್ಯಾನಿಕ್ ಬದಲಿಸುವಂತಿದ್ದರೆ ಸಾಕು. ಈ ವ್ಯವಸ್ಥೆ ನಮಗೆ ಇನ್ನಷ್ಟು ಒಪ್ಪುತ್ತದೆ. ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಇದಕ್ಕಿಂತ ಜಟಿಲವಾದ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಕುಶಲಿಗಳಿರುವ ಊರು ನಮ್ಮದು. ಅವರಿಗೆ ಬೇಕಿರುವುದು ಬಿಡಿಭಾಗ ಮಾತ್ರ.

ಬಿಸಾಡಿದ ಯಂತ್ರ ಎಲ್ಲಿಗೆ ಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಸೇರಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಮ್ಮ ಪಟ್ಟಿಯನ್ನು 21 ವಸ್ತುಗಳಿಂದ 106ಕ್ಕೆ ಹಿಗ್ಗಿಸಿ, ಕ್ಷೌರದ ಉಪಕರಣಗಳನ್ನೂ ಒಳಗೆ ತಂದಿವೆ; ಅವುಗಳ ಮರುಬಳಕೆಯ ಹೊಣೆ ತಯಾರಕರದು. ದೇಶದಲ್ಲಿ ಇ-ತ್ಯಾಜ್ಯದ ವೈಜ್ಞಾನಿಕ ಸಂಸ್ಕರಣೆಯನ್ನು ಮೊದಲು ಕೈಗೊಂಡ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ದಾಬಸ್‌ಪೇಟೆಯಲ್ಲಿ. ಆದರೂ ಹಳೆಯ ಟ್ರಿಮ್ಮರನ್ನು ನಾವು ಒಣ ಕಸದ ಚೀಲಕ್ಕೇ ಹಾಕುತ್ತೇವೆ. ಕಸದ ಆಟೋದಲ್ಲಿ ಜಜ್ಜಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಲ್ಲದು, ಅಪಾಯ ಪೌರಕಾರ್ಮಿಕರಿಗೆ.

ಕಾನೂನು ಬರುವವರೆಗೆ ಗ್ರಾಹಕ ಕೈಕಟ್ಟಿ ಕೂರಬೇಕಿಲ್ಲ. ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳಲಿ. ಈ ಮಾದರಿಯ ಬ್ಲೇಡು ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು? ಬ್ಯಾಟರಿ ಬದಲಿಸಿಕೊಡುವ ಸೇವಾಕೇಂದ್ರ ಊರಿನಲ್ಲಿ ಇದೆಯೇ? ಯಾವುದೇ ಸಾಮಾನ್ಯ ಟೈಪ್-ಸಿ ಕೇಬಲ್ಲಿನಿಂದ ಚಾರ್ಜ್ ಆಗುತ್ತದೆಯೇ? ವಾರಂಟಿಯಲ್ಲಿ ಬ್ಯಾಟರಿ, ಬ್ಲೇಡು ಸೇರಿವೆಯೇ? ಉತ್ತರ ಸಿಗದ ಡಬ್ಬಿಯಲ್ಲಿ ಹನ್ನೆರಡು ಬಾಚಣಿಕೆ ಇದ್ದರೂ ಅದನ್ನು ಅಲ್ಲೇ ಬಿಡುವುದು ಲೇಸು. ಬಿಲ್ಲನ್ನು ತೆಗೆದಿಟ್ಟು, ವಾರಂಟಿಯ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೇ ಇಲ್ಲ. ಒಬ್ಬರು ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾಗಬಹುದು. ಹತ್ತು ಜನ ಕೇಳಿದರೆ ಆ ಪ್ರಶ್ನೆ ವಿತರಕರಿಗೆ, ಅವರಿಂದ ಕಂಪನಿಗೆ ತಲುಪುತ್ತದೆ. ಮುಂದಿನ ಡಬ್ಬಿಯ ಮೇಲೆ ಬಾಚಣಿಕೆಗಳ ಲೆಕ್ಕದ ಪಕ್ಕದಲ್ಲಿ ವರ್ಷಗಳ ಲೆಕ್ಕವೂ ಕಾಣಿಸಿಕೊಳ್ಳುತ್ತದೆ.