ಹಾರುವ ಓತಿಗೂ ಒಂದು ನೆಲೆ ಬೇಕು



ಮನುಷ್ಯನು ನಾಲ್ಕು ಗೋಡೆ ಕಟ್ಟಿ, ಇದು ನನ್ನ ಮನೆ ಎನ್ನುತ್ತಾನೆ. ಗೋಡೆಯಿಲ್ಲದ ಮನೆಯಲ್ಲಿ ಬಾಳುವ ಜೀವಿಗಳೂ ಇವೆ ಎಂಬುದನ್ನು ಮರೆಯುತ್ತಾನೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಘಟ್ಟದಂಚಿನ ಕಾಡಿನಲ್ಲಿ, ಅಡಿಕೆ ತೋಟಗಳಲ್ಲಿ ವಾಸಿಸುವ ಹಾರುವ ಓತಿ ಅಂಥದೊಂದು ಜೀವಿ. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟವಾದ ‘ಕರ್ವಾಲೋ’ ಕಾದಂಬರಿಯಲ್ಲಿ ಇದರ ಹುಡುಕಾಟವನ್ನೇ ಕಥೆಯಾಗಿಸಿದರು.

ಇದರ ಮೈಬಣ್ಣ ಮರದ ತೊಗಟೆಯಂತೆಯೇ ಇರುವುದರಿಂದ ಎದುರಿಗಿದ್ದರೂ ಕಣ್ಣಿಗೆ ಬೀಳುವುದು ಅಪರೂಪ. ಗಂಡು ತನ್ನ ಕೊರಳಿನ ಹಳದಿ ಚರ್ಮವನ್ನು ಚಾಚಿದಾಗ ಮಾತ್ರ ಗುರುತು ಸಿಗುತ್ತದೆ. ಇದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ನೀಳವಾದ ಪಕ್ಕೆಲುಬುಗಳನ್ನು ಹರಡಿ, ಅವುಗಳ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿ ಇಳಿಯುತ್ತದೆ. ಇಳಿಯಬಲ್ಲುದೇ ಹೊರತು ಗಾಳಿಯಲ್ಲಿ ಮೇಲೇರಲಾರದು. ಮುಂದಿನ ಮರ ದೂರವಾದರೆ ಅದರ ದಾರಿಯೇ ಕಡಿದುಹೋಗುತ್ತದೆ.

ಇದರ ಮುಖ್ಯ ಆಹಾರ ಇರುವೆ. ಆದ್ದರಿಂದ ಇರುವೆ ಕೊಲ್ಲುವ ವಿಷವನ್ನು ತೋಟಕ್ಕೆಲ್ಲ ಸಿಂಪಡಿಸಿದರೆ ಓತಿಯ ಅನ್ನಕ್ಕೇ ಕಲ್ಲು ಬೀಳುತ್ತದೆ. ಸದಾ ಮರದ ಮೇಲಿರುವ ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿಯುತ್ತದೆ. ಮಣ್ಣಿನಲ್ಲಿ ಗುಳಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಮತ್ತೆ ಮರವೇರುತ್ತದೆ. ನಾವು ತರಗೆಲೆಗೆ ಹಚ್ಚುವ ಬೆಂಕಿ ಆ ತಾಯಿಯ ನಂಬಿಕೆಯನ್ನೇ ಸುಡಬಹುದಲ್ಲವೇ?

ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ ಹೆದ್ದಾರಿಯನ್ನು ಅಗಲಿಸಲು ಮರಗಳು ಉರುಳಿದ್ದನ್ನು ನೀವು ಕಂಡಿದ್ದೀರಿ. ರಸ್ತೆ ಬೇಡವೆಂದು ನಾವು ಹೇಳುವುದಿಲ್ಲ. ರೋಗಿಯು ಆಸ್ಪತ್ರೆಗೆ ಬೇಗ ತಲುಪಬೇಕು, ರೈತನ ಫಸಲು ಪೇಟೆ ಸೇರಬೇಕು. ಆದರೆ ಒಂದು ಮರಕ್ಕೆ ಬದಲಾಗಿ ಬೇರೆಲ್ಲೋ ಹತ್ತು ಸಸಿ ನೆಟ್ಟೆವೆಂದು ಲೆಕ್ಕ ಬರೆದರೆ ಸಾಲದು. ಇಲ್ಲಿ ಬೇಕಾದುದು ಮರಗಳ ಸಂಖ್ಯೆಯಷ್ಟೇ ಅಲ್ಲ, ಅವುಗಳ ಸಾಮೀಪ್ಯವೂ ಹೌದು. ದಾರಿಯ ಎರಡೂ ಬದಿಯ ಹಳೆಯ ಮರಗಳಲ್ಲಿ ಉಳಿಸಬಹುದಾದುದನ್ನು ಮೊದಲು ಉಳಿಸಬೇಕು.

ಊರಿನ ಹಿರಿಯರು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಬೆಟ್ಟಕ್ಕೂ ತೋಟಕ್ಕೂ ನಡುವಿನ ಮರಗಳನ್ನು ಕಡಿಯದಿರಿ. ಸೊಪ್ಪು ಸವರುವಾಗ ಮರ ಬೋಳಾಗದಂತೆ ನೋಡಿಕೊಳ್ಳಿ. ತರಗೆಲೆಗೆ ಬೆಂಕಿ ಹಚ್ಚದೆ ಗೊಬ್ಬರವಾಗಲು ಬಿಡಿ. ಓತಿಯನ್ನು ಕಂಡಲ್ಲಿ ಕಲ್ಲೆಸೆಯುವ ಮಕ್ಕಳಿಗೆ, ಅದು ವಿಷಜಂತುವಲ್ಲ, ಯಾರನ್ನೂ ನೋಯಿಸದ ಸಾಧುಪ್ರಾಣಿ ಎಂದು ತಿಳಿಹೇಳಿ. ದಯೆಯನ್ನು ಪ್ರವಚನದಲ್ಲಿ ಕೇಳಿ ಮನೆಗೆ ಹೋದರೆ ಪ್ರಯೋಜನವಿಲ್ಲ. ಕತ್ತಿ ಹಿಡಿದು ಬೆಟ್ಟಕ್ಕೆ ಹೋದಾಗ ಅದು ನೆನಪಾಗಬೇಕು.

ಸರ್ವರಿಗೂ, ಸಕಲ ಜೀವರಾಶಿಗೂ ಮಂಗಲವಾಗಲಿ.