ಚಪ್ಪಲಿಗೆ ಬ್ರ್ಯಾಂಡ್ ಇದೆ, ಹೊಲಿದವನಿಗೆ ಹೆಸರಿಲ್ಲ

ಮೊನ್ನೆ ಆಫೀಸು ಮುಗಿಸಿ, ಹುಡುಗರು ಕರೆದರು ಅಂತ ಇಂದಿರಾನಗರದ ಒಂದು ಕೆಫೆಗೆ ಹೋಗಿದ್ದೆ. ಯುವ ವೃತ್ತಿಪರರ ಸಂಜೆ ಅಂತೆ. ಕೈಕುಲುಕೋದು, ಕಾರ್ಡು ಹಂಚೋದು, ಬಿಯರು. ಅತಿಥಿ ಒಬ್ಬ ಯುವ ಉದ್ಯಮಿ. ಕೈಯಲ್ಲಿ ಹೊಲಿದ ಚರ್ಮದ ಚಪ್ಪಲಿಗೆ ತನ್ನ ಲೇಬಲ್ ಹಾಕಿ ಮಾರ್ತಾನೆ. "ಸಾಯುತ್ತಿದ್ದ ಕಲೆಯನ್ನು ಉಳಿಸಿದೆ" ಅಂದ. ಜೋರು ಚಪ್ಪಾಳೆ.

ಎದ್ದು ಕೇಳಿದೆ: "ಹೊಲಿದವರು ಯಾರು?"

"ಅಥಣಿ ಕಡೆ ನಮ್ಮ ಕುಶಲಕರ್ಮಿಗಳಿದ್ದಾರೆ ಸರ್."

"ಒಬ್ಬರ ಹೆಸರು ಹೇಳಿ. ಜೊತೆಗೆ ಎಷ್ಟು ಕೊಡ್ತೀರಿ?"

ಮೈಕು ಬೇರೆಯವರ ಕೈಗೆ ಹೋಯ್ತು.

ಸ್ವಾಮಿ, ಹದ ಮಾಡಿದ ಚರ್ಮದ ವಾಸನೆ ಅಂತ ನಮ್ಮ ತಾತನನ್ನು ಊರಾಚೆ ಇಟ್ಟಿರಿ. ಅದೇ ವಾಸನೆ ಕೆಫೆಯಲ್ಲಿ 'ಅಥೆಂಟಿಕ್' ಆಯ್ತಾ?

2025ರಲ್ಲಿ ಪ್ರಾಡಾ ಕಂಪನಿ ಮೂಲ ಹೇಳದೆ ಕೊಲ್ಹಾಪುರಿ ಮಾದರಿಯ ಚಪ್ಪಲಿಯನ್ನು ಮಿಲಾನ್‌ನಲ್ಲಿ ತೋರಿಸಿದಾಗ ಇವರೆಲ್ಲ ಕೆಂಡವಾಗಿದ್ರು. ಆ ಚಪ್ಪಲಿಯ ಜಿಐ ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಸೇರಿ ನಮ್ಮ 4 ಜಿಲ್ಲೆಗಳಿವೆ. ಇಟಲಿಯವನು ಮಾಡಿದ್ರೆ ಕಳ್ಳತನ, ಇಂದಿರಾನಗರದವನು ಮಾಡಿದ್ರೆ ಸ್ಟಾರ್ಟಪ್ಪು!

12ನೇ ಶತಮಾನದ ಕಲ್ಯಾಣದಲ್ಲಿ ಚಪ್ಪಲಿ ಹೊಲಿದ ಹರಳಯ್ಯನ ಹೆಸರು ಇವತ್ತಿಗೂ ಉಳಿದಿದೆ. ಇವತ್ತು ಹೊಲಿಯೋನು ಬರೀ 'ಕುಶಲಕರ್ಮಿ'.

ಕೇಳ್ತಿರೋದು ದಾನ ಅಲ್ಲ. ಟ್ಯಾಗಿನ ಮೇಲೆ ಹೊಲಿದವರ ಹೆಸರು ಹಾಕಿ, ಅವರಿಗೆ ಕೊಟ್ಟ ಕೂಲಿ ಬರೀರಿ. ಮುಂದಿನ ಸಂಜೆ ವೇದಿಕೆ ಮೇಲೆ ಅವರನ್ನೇ ಕೂರಿಸಿ.

ಹೊರಗೆ ಬಂದಾಗ ಹುಡುಗನೊಬ್ಬ ಹಿಂದೆ ಬಂದ. "ಅಣ್ಣಾ, ನಮ್ಮಪ್ಪನೂ ಚಪ್ಪಲಿ ಹೊಲೀತಾರೆ. ಒಳಗೆ ಹೇಳೋಕೆ ಆಗ್ಲಿಲ್ಲ" ಅಂದ. ಅವನೂ ಚಪ್ಪಾಳೆ ಹೊಡೆದಿದ್ದ.

ತಮ್ಮಾ, ನಾಚಿಕೆ ನಿನ್ನದಲ್ಲ. ಮುಂದಿನ ಸಲ ಒಳಗೇ ಹೇಳು. ಪಕ್ಕದಲ್ಲಿ ನಾನಿರ್ತೀನಿ.

ಜೈ ಭೀಮ್.