ಡಿಕ್ಕಿ ತಪ್ಪಿಸುವ ಯಂತ್ರಕ್ಕೆ ಘಾಟಿಯ ಪರೀಕ್ಷೆ ಯಾವಾಗ?

ಕಾರು ಕೊಳ್ಳಲು ಹೊರಟವರ ಮುಂದೆ ಮಾರಾಟಗಾರರು ಈಗ ಇಡುತ್ತಿರುವ ಹೊಸ ಆಕರ್ಷಣೆ 'ಅಡಾಸ್'. ಚಾಲಕನಿಗೆ ನೆರವಾಗುವ ಸುಧಾರಿತ ವ್ಯವಸ್ಥೆ ಎಂದು ಇದರ ಅರ್ಥ. ಎದುರಿಗೆ ವಾಹನವೋ ಮನುಷ್ಯನೋ ಅಡ್ಡ ಬಂದರೆ ಮೊದಲು ಎಚ್ಚರಿಸುವುದು, ಚಾಲಕ ಎಚ್ಚೆತ್ತುಕೊಳ್ಳದಿದ್ದರೆ ತಾನೇ ಬ್ರೇಕು ಹಾಕುವುದು ಈ ವ್ಯವಸ್ಥೆಯ ಮುಖ್ಯ ಕೆಲಸ. ಒಂದು ಕಾಲಕ್ಕೆ ವಿದೇಶದ ದುಬಾರಿ ಕಾರುಗಳಿಗೆ ಮಾತ್ರ ಮೀಸಲಾಗಿದ್ದ ಈ ಸಾಧನ 2021ರಿಂದೀಚೆಗೆ ನಮ್ಮ ದೇಶದ ಮಧ್ಯಮ ದರ್ಜೆಯ ಕಾರುಗಳಿಗೂ ಬಂದಿದೆ. ಮಲೆನಾಡಿನ ಘಾಟಿ ರಸ್ತೆಗಳನ್ನು ಅವು ಹತ್ತಿ ಇಳಿಯುತ್ತಿವೆ. ಆದ್ದರಿಂದ ಈ ಯಂತ್ರ ಏನನ್ನು ಕಾಣಬಲ್ಲದು, ಏನನ್ನು ಕಾಣಲಾರದು, ಅದನ್ನು ಎಲ್ಲಿ ಮತ್ತು ಯಾರನ್ನು ಮುಂದಿಟ್ಟುಕೊಂಡು ಪರೀಕ್ಷಿಸಲಾಗಿದೆ ಎಂಬ ಪ್ರಶ್ನೆಗಳು ಕಾರು ಕೊಳ್ಳುವವರಿಗಷ್ಟೇ ಸೇರಿದವಲ್ಲ. ಅದೇ ರಸ್ತೆಯ ಅಂಚಿನಲ್ಲಿ ನಡೆದು ಹೋಗುವವರಿಗೂ ಸೇರಿದವು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಮಂದಿ ಸತ್ತರು. ಸತ್ತವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ. 19.5ರಷ್ಟು, ಅಂದರೆ 32,825 ಮಂದಿ, ಪಾದಚಾರಿಗಳು. ಹತ್ತರಲ್ಲಿ ಆರಕ್ಕೂ ಹೆಚ್ಚು ಸಾವುಗಳು ಮೈಗೆ ಯಾವ ಲೋಹದ ಕವಚವೂ ಇಲ್ಲದವರವು. ಇಷ್ಟು ಜೀವಗಳು ಹೋಗುತ್ತಿರುವಾಗ ಅವುಗಳಲ್ಲಿ ಕೆಲವನ್ನಾದರೂ ಉಳಿಸಬಲ್ಲ ತಂತ್ರಜ್ಞಾನವನ್ನು ಹೊಸದೆಂಬ ಕಾರಣಕ್ಕೆ ತಿರಸ್ಕರಿಸುವುದು ವಿವೇಕವಲ್ಲ. ಹೊಸದೆಂಬ ಕಾರಣಕ್ಕೆ ನಂಬುವುದೂ ವಿವೇಕವಲ್ಲ.

ಯಂತ್ರದ ಲೆಕ್ಕಾಚಾರ ಸರಳವಾದುದು. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಣ್ಣಿಗೆ ಬಿದ್ದು ಕಾಲು ಬ್ರೇಕಿನ ಮೇಲೆ ಹೋಗಲು ಚಾಲಕನಿಗೆ ಒಂದೂವರೆ ಸೆಕೆಂಡು ಬೇಕೆಂದು ಹಿಡಿದರೆ, ಬ್ರೇಕು ಬೀಳುವ ಮೊದಲೇ 25 ಮೀಟರ್ ಕಳೆದಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಅಲ್ಲಿಂದ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಕ್ಯಾಮೆರಾ ಮತ್ತು ರಾಡಾರ್‌ಗಳು ಎದುರಿನ ವಸ್ತುವಿನ ದೂರವನ್ನೂ ಅದು ಹತ್ತಿರವಾಗುತ್ತಿರುವ ವೇಗವನ್ನೂ ಕ್ಷಣಕ್ಷಣಕ್ಕೂ ಅಳೆದು, ಡಿಕ್ಕಿಗೆ ಎಷ್ಟು ಸೆಕೆಂಡು ಉಳಿದಿದೆ ಎಂದು ಎಣಿಸುತ್ತಿರುತ್ತವೆ. ಯಂತ್ರ ಉಳಿಸಿಕೊಡುವುದು ಮೊದಲಿನ ಆ 25 ಮೀಟರಿನ ಬಹುಪಾಲನ್ನು. ಎರಡನೆಯ ಭಾಗ ಟೈರು ಮತ್ತು ರಸ್ತೆಗೆ ಬಿಟ್ಟದ್ದು. ಅದನ್ನು ಯಾವ ಯಂತ್ರವೂ ಕಡಿಮೆ ಮಾಡಲಾರದು. ನೀರು ಹರಿಯುವ ರಸ್ತೆಯಲ್ಲಿ ಆ 20 ಮೀಟರ್ 35 ಆಗಬಹುದು.

ಈ ಸಾಧನದಿಂದ ಪ್ರಯೋಜನವಿದೆ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ 1959ರಲ್ಲಿ ಆರಂಭವಾದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್, ಪೊಲೀಸ್ ದಾಖಲೆಗಳನ್ನು ಹೋಲಿಸಿ ನೋಡಿದಾಗ, ತಾನೇ ಬ್ರೇಕು ಹಾಕುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಸಂಗಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಕೇವಲ ಎಚ್ಚರಿಕೆ ಕೊಡುವ ಕಾರುಗಳಲ್ಲಿ ಇಳಿಕೆ ಶೇ. 27 ಮಾತ್ರ. ಪಾದಚಾರಿಗಳನ್ನು ಗುರುತಿಸುವ ವ್ಯವಸ್ಥೆಯ ಬಗ್ಗೆ ಅದೇ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾದಚಾರಿಗಳಿಗೆ ಡಿಕ್ಕಿ ಹೊಡೆಯುವ ಪ್ರಮಾಣ ಶೇ. 27ರಷ್ಟು ಕಡಿಮೆಯಾಗಿತ್ತು. ಇವು ಸಣ್ಣ ಸಾಧನೆಗಳಲ್ಲ. ಐರೋಪ್ಯ ಒಕ್ಕೂಟ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇಂತಹ ಬ್ರೇಕನ್ನು ಕಡ್ಡಾಯ ಮಾಡಿರುವುದು ಅಕಾರಣವಲ್ಲ.

ಆದರೆ ಅದೇ ಅಧ್ಯಯನದ ಇನ್ನೊಂದು ಸಾಲು ನಮಗೆ ಹೆಚ್ಚು ಮುಖ್ಯ. ದೀಪವಿಲ್ಲದ ಕತ್ತಲೆ ರಸ್ತೆಯಲ್ಲಿ ಈ ವ್ಯವಸ್ಥೆ ಇರುವ ಕಾರಿಗೂ ಇಲ್ಲದ ಕಾರಿಗೂ ವ್ಯತ್ಯಾಸವೇ ಕಂಡುಬರಲಿಲ್ಲ. ವಾಹನ ತಿರುಗುವಾಗಲೂ ವ್ಯತ್ಯಾಸ ಕಾಣಲಿಲ್ಲ. ವಾಹನ ಮಾಲೀಕರ ಸಂಘಟನೆಯಾದ ಎಎಎ 2019ರಲ್ಲಿ ನಾಲ್ಕು ಕಾರುಗಳನ್ನು ಬೊಂಬೆಗಳೆದುರು ಓಡಿಸಿ ನೋಡಿತು. ಹಗಲಿನಲ್ಲಿ, ಗಂಟೆಗೆ 32 ಕಿ.ಮೀ. ವೇಗದಲ್ಲಿ, ರಸ್ತೆ ದಾಟುವ ದೊಡ್ಡವರ ಬೊಂಬೆಗೆ ಡಿಕ್ಕಿ ತಪ್ಪಿದ್ದು ಶೇ. 40ರಷ್ಟು ಸಲ ಮಾತ್ರ. ನಿಂತ ಎರಡು ಕಾರುಗಳ ನಡುವಿನಿಂದ ಮಗುವಿನ ಬೊಂಬೆ ಓಡಿಬಂದಾಗ ಶೇ. 89ರಷ್ಟು ಸಲ ಡಿಕ್ಕಿಯಾಯಿತು. ರಾತ್ರಿಯಲ್ಲಿ ವ್ಯವಸ್ಥೆ ನಿಷ್ಪ್ರಯೋಜಕವಾಯಿತು. ಅದೇ ಸಂಘಟನೆ 2021ರಲ್ಲಿ ಕೃತಕ ಮಳೆ ಸುರಿಸಿ ಪರೀಕ್ಷಿಸಿದಾಗ, 56 ಕಿ.ಮೀ. ವೇಗದ ಓಟಗಳಲ್ಲಿ ಮೂರರಲ್ಲೊಂದು, ನಿಂತ ವಾಹನಕ್ಕೆ ಗುದ್ದುವುದರಲ್ಲಿ ಮುಗಿಯಿತು. 2025ರ ಜನವರಿಯಲ್ಲಿ ಐಐಎಚ್‌ಎಸ್ ಪ್ರಕಟಿಸಿದ ಪರೀಕ್ಷೆ ಇನ್ನೂ ವಿಚಿತ್ರವಾದುದು. ರಸ್ತೆ ಕೆಲಸಗಾರರ ಉಡುಪಿನಲ್ಲಿರುವಂತಹ ಬೆಳಕು ಪ್ರತಿಫಲಿಸುವ ಪಟ್ಟಿಗಳನ್ನು ಬೊಂಬೆಗೆ ತೊಡಿಸಿದಾಗ, ಪರೀಕ್ಷಿಸಿದ ಮೂರು ಕಾರುಗಳಲ್ಲಿ ಎರಡು ಅದನ್ನು ಮನುಷ್ಯನೆಂದು ಗುರುತಿಸದೆ ಬಹುತೇಕ ಎಲ್ಲ ಓಟಗಳಲ್ಲೂ ಗುದ್ದಿದವು. ಮನುಷ್ಯನ ಕಣ್ಣಿಗೆ ಚೆನ್ನಾಗಿ ಕಾಣಲೆಂದು ತೊಟ್ಟ ಪಟ್ಟಿ ಯಂತ್ರದ ಕಣ್ಣನ್ನು ಕುರುಡಾಗಿಸಿತ್ತು.

ಈ ದೋಷಗಳನ್ನು ಪಟ್ಟಿ ಮಾಡುತ್ತಿರುವುದು ಅಲ್ಲಿಯ ವಿಜ್ಞಾನಿಗಳನ್ನು ಹೀಗಳೆಯಲಿಕ್ಕಲ್ಲ. ಅವರು ಯಂತ್ರವನ್ನು ಕತ್ತಲಿಗೆ, ಮಳೆಗೆ, ಮಗುವಿನ ಎತ್ತರಕ್ಕೆ ಒಡ್ಡಿ ಸೋಲನ್ನು ಹೆಸರು ಸಮೇತ ಸಾರ್ವಜನಿಕರ ಮುಂದಿಟ್ಟರು. ಅಮೆರಿಕ ಸರ್ಕಾರ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ನಿಯಮದಲ್ಲಿ, ಪಾದಚಾರಿಯನ್ನು ಹಗಲಿನಲ್ಲೂ ಕತ್ತಲಲ್ಲೂ ಗುರುತಿಸಬೇಕೆಂಬ ಷರತ್ತು ಸೇರಿದೆ. ಸೋಲನ್ನು ಅಳೆದು ಬರೆದಿಟ್ಟಲ್ಲಿ ಮಾತ್ರ ಸುಧಾರಣೆಗೆ ದಾರಿ ಸಿಗುತ್ತದೆ.

ಕೃಷಿ ಸಂಶೋಧನೆಯಲ್ಲಿ ಕೆಲಸ ಮಾಡುವವರಿಗೆ ಈ ಶಿಸ್ತು ಹೊಸದಲ್ಲ. ನಮ್ಮ ದೇಶದಲ್ಲಿ 1957ರಲ್ಲಿ ಮೆಕ್ಕೆಜೋಳದಿಂದ ಆರಂಭವಾದ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಯ ತಿರುಳು ಇಷ್ಟೇ: ಒಂದು ಕೇಂದ್ರದಲ್ಲಿ ಚೆನ್ನಾಗಿ ಬೆಳೆದ ತಳಿಯನ್ನು ಹಲವು ಕಡೆ, ಹಲವು ಹಂಗಾಮುಗಳಲ್ಲಿ ಬೆಳೆದು ನೋಡದೆ ರೈತನ ಕೈಗೆ ಕೊಡಬಾರದು. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿ, ಗುಡ್ಡಗಾಡನ್ನು ಪ್ರತ್ಯೇಕ ವಲಯವೆಂದು ಗುರುತಿಸಿರುವುದು ಇದೇ ಕಾರಣಕ್ಕೆ. ಬಯಲುಸೀಮೆಯ ನೀರಾವರಿಯಲ್ಲಿ ತೆನೆ ತೂಗುವ ಭತ್ತ ಮಲೆನಾಡಿನ ಮೋಡ, ಮಂಜು, ತೇವದಲ್ಲಿ ಬೆಂಕಿರೋಗಕ್ಕೆ ಬಲಿಯಾಗಬಹುದು. ತಳಿಯ ಗುಣ ಬೀಜದಲ್ಲಷ್ಟೇ ಇರುವುದಿಲ್ಲ. ಬೀಜ ಮತ್ತು ನೆಲದ ಸಂಬಂಧದಲ್ಲಿರುತ್ತದೆ. ವಾಹನದ ಮಾತೂ ಹೀಗೆಯೇ. ಒಂದು ಹಿಡಿ ಬೀಜಕ್ಕೆ ಬೇಕಾದಷ್ಟು ಪರೀಕ್ಷೆ, ರಸ್ತೆಯಲ್ಲಿ ಜೀವ ಕಾಯುತ್ತೇನೆಂದು ಹೇಳಿಕೊಳ್ಳುವ ಯಂತ್ರಕ್ಕೂ ಬೇಡವೇ?

ನಮ್ಮ ನೆಲ ಯಾವುದೆಂಬುದನ್ನು ನೋಡೋಣ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ರಾಡಾರೂ ಕ್ಯಾಮೆರಾವೂ ಬಂಡೆಯ ಆಚೆಗೆ ನೋಡಲಾರವು. ಮುಂದಿನ 20 ಮೀಟರ್ ಮಾತ್ರ ಕಾಣುವ ತಿರುವಿನಲ್ಲಿ, ಒದ್ದೆ ರಸ್ತೆಯ ಮೇಲೆ 60 ಕಿ.ಮೀ. ವೇಗದಲ್ಲಿ ಬರುವ ವಾಹನ ನಿಲ್ಲಲು 35 ಮೀಟರ್ ಬೇಕು. ಯಂತ್ರ ಎಷ್ಟೇ ಚುರುಕಾಗಿದ್ದರೂ ಡಿಕ್ಕಿ ತಪ್ಪದು. ಅದೇ ವಾಹನದ ವೇಗ 40 ಕಿ.ಮೀ. ಇದ್ದರೆ ಬ್ರೇಕಿಗೆ ಸುಮಾರು 15 ಮೀಟರ್ ಸಾಕು. ಆಗ ತಕ್ಷಣ ಬ್ರೇಕು ಹಾಕುವ ಯಂತ್ರ ನಿಜಕ್ಕೂ ಜೀವ ಉಳಿಸಬಲ್ಲದು. ಒಂದೂವರೆ ಸೆಕೆಂಡು ತಡಮಾಡುವ ಚಾಲಕ ಉಳಿಸಲಾರ. ವೇಗವನ್ನು ಇಳಿಸಿದ ಮೇಲೆಯೇ ಯಂತ್ರದಿಂದ ಉಪಯೋಗ. ವೇಗ ಇಳಿಸುವುದಕ್ಕೆ ಅದು ಬದಲಿಯಲ್ಲ ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಇನ್ನು ಮಳೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಸ್ಥಳಗಳಲ್ಲಿ ಮುಂಗಾರಿನ ತಿಂಗಳುಗಳು ಅಪವಾದವಲ್ಲ, ಅವೇ ರೂಢಿ. ಬಿಳಿ ಗೆರೆ ಅಳಿಸಿಹೋದ, ಅಂಚು ಕುಸಿದ, ಮಂಜು ಕವಿದ ರಸ್ತೆ. ಗೊಬ್ಬೆ ಸೂಡಿ ಬಾಗಿ ನಡೆಯುವ ಕೂಲಿಯಾಳು, ತಲೆಹೊರೆ ಹೊತ್ತ ಹೆಂಗಸು, ಕೊಡೆ ಹಿಡಿದ ಶಾಲೆಯ ಮಕ್ಕಳ ಗುಂಪು, ರಸ್ತೆಯಲ್ಲೇ ಮಲಗಿದ ದನ. ನೇರವಾಗಿ ನಿಂತ, ಪ್ಯಾಂಟು ತೊಟ್ಟ, ಒಬ್ಬನೇ ರಸ್ತೆ ದಾಟುವ ಬೊಂಬೆಯ ಮುಂದೆ ಪಾಸಾದ ಯಂತ್ರ ಇವರನ್ನೆಲ್ಲ ಗುರುತಿಸುತ್ತದೆಂದು ಪರೀಕ್ಷಿಸದೆ ನಂಬುವುದು ಹೇಗೆ?

ಪ್ರಾಣಿಗಳ ವಿಷಯದಲ್ಲಿ ಎರಡು ನಿದರ್ಶನಗಳಿವೆ. ಸ್ವೀಡನ್ನಿನಲ್ಲಿ ಮೂಸ್ ಎಂಬ ಎತ್ತರದ ಕಾಡುಪ್ರಾಣಿಗೆ ಕಾರು ಗುದ್ದುವುದು ದೊಡ್ಡ ಸಮಸ್ಯೆ. ಮ್ಯಾಗ್ನಸ್ ಜೆನ್ಸ್ ಎಂಬ ಎಂಜಿನಿಯರ್ 2001ರಲ್ಲಿ ತಮ್ಮ ಪದವಿ ಪ್ರಬಂಧಕ್ಕಾಗಿ ರಬ್ಬರಿನಿಂದ ಮೂಸ್ ಬೊಂಬೆಯೊಂದನ್ನು ಮಾಡಿ ಕಾರುಗಳಿಂದ ಗುದ್ದಿಸಿ ಪರೀಕ್ಷಿಸಿದರು. 2022ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಬಂತು. ಅದೇ ದೇಶದ ವೋಲ್ವೊ ಕಂಪನಿಯ, ಮೂಸ್ ಮತ್ತು ಜಿಂಕೆಗಳನ್ನು ಗುರುತಿಸುತ್ತಿದ್ದ ವ್ಯವಸ್ಥೆ ಆಸ್ಟ್ರೇಲಿಯಾಕ್ಕೆ ಹೋದಾಗ ಕಾಂಗರೂ ಎದುರು ತಬ್ಬಿಬ್ಬಾಯಿತೆಂದು 2017ರಲ್ಲಿ ಕಂಪನಿಯೇ ಹೇಳಿತು. ನೆಲವನ್ನು ಆಧಾರವಾಗಿಟ್ಟುಕೊಂಡು ದೂರ ಎಣಿಸುವ ಯಂತ್ರಕ್ಕೆ, ನೆಗೆದಾಗ ದೂರವಿದ್ದಂತೆಯೂ ಇಳಿದಾಗ ಹತ್ತಿರವಿದ್ದಂತೆಯೂ ಕಾಂಗರೂ ತೋರಿತ್ತು. ಒಂದು ನಾಡಿನ ಕಾಡಿನಲ್ಲಿ ಕಲಿತ ಯಂತ್ರ ಇನ್ನೊಂದು ನಾಡಿನಲ್ಲಿ ಮತ್ತೆ ಕಲಿಯಬೇಕು. ನಮ್ಮ ಕಾಟಿ, ಕಡವೆ, ಆನೆಗಳ ಪಾಠವನ್ನು ಅದಕ್ಕೆ ಕಲಿಸುವವರು ಯಾರು?

ನಮ್ಮಲ್ಲಿ ಕೆಲಸವೇ ನಡೆದಿಲ್ಲವೆಂದಲ್ಲ. ಹೈದರಾಬಾದಿನ ಐಐಐಟಿ ಸಂಶೋಧಕರು ಹೈದರಾಬಾದು ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ಸಂಚರಿಸಿ, ಆಟೋರಿಕ್ಷಾ, ಪ್ರಾಣಿ, ಡಾಂಬರಿನಾಚೆಯ ಮಣ್ಣಿನ ಅಂಚು ಮುಂತಾಗಿ 34 ಬಗೆಗಳನ್ನು ಗುರುತಿಸಿದ ಸುಮಾರು 10,000 ಚಿತ್ರಗಳ ಭಂಡಾರವನ್ನು ಸಿದ್ಧಪಡಿಸಿದ್ದಾರೆ. ಪಾಶ್ಚಾತ್ಯ ನಗರಗಳ ಚಿತ್ರಗಳಿಂದ ಕಲಿತ ಯಂತ್ರಕ್ಕೆ ನಮ್ಮ ರಸ್ತೆ ಅರ್ಥವಾಗದು ಎಂಬ ಅರಿವೇ ಅದರ ಮೂಲ. 2021ರಲ್ಲಿ ನಾಗಪುರದಲ್ಲಿ ಆರಂಭವಾದ ಐ-ರಾಸ್ತೆ ಯೋಜನೆ ನಗರ ಸಾರಿಗೆಯ ಬಸ್ಸುಗಳಿಗೆ ಡಿಕ್ಕಿ ಎಚ್ಚರಿಕೆಯ ಸಾಧನ ಅಳವಡಿಸಿತು. ಜೊತೆಗೆ, ಎಚ್ಚರಿಕೆಗಳು ಪದೇ ಪದೇ ಬರುವ ಜಾಗಗಳನ್ನು ಗುರುತಿಸಿ ರಸ್ತೆಯನ್ನೇ ದುರಸ್ತಿ ಮಾಡುವ ಉದ್ದೇಶವನ್ನೂ ಇಟ್ಟುಕೊಂಡಿತು. ಇದು ಅನುಕರಣೀಯ. ಆದರೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಶ್ರೇಣಿಯ ಮೊದಲ ರೂಪದಲ್ಲಿ, ಡಿಕ್ಕಿಯಾದ ಮೇಲೆ ಒಳಗಿರುವವರು ಎಷ್ಟು ಸುರಕ್ಷಿತರು ಎಂಬುದಕ್ಕೇ ಪ್ರಾಧಾನ್ಯ. ಐದು ನಕ್ಷತ್ರ ಕಂಡವರು ಹೊರಗಿರುವವರೂ ಸುರಕ್ಷಿತರೆಂದು ತಿಳಿದರೆ ಅದು ತಪ್ಪು ತಿಳಿವಳಿಕೆ.

ಇನ್ನೊಂದು ಎಚ್ಚರ ಅಗತ್ಯ. ಯಂತ್ರ ಜಾಣವಾಗಿದೆ, ಆದ್ದರಿಂದ ರಸ್ತೆ ಅಗಲವಾಗಲಿ, ವೇಗ ಹೆಚ್ಚಲಿ, ಕಾಡಿನ ರಾತ್ರಿ ಸಂಚಾರದ ನಿರ್ಬಂಧ ಸಡಿಲವಾಗಲಿ ಎಂಬ ತರ್ಕಕ್ಕೆ ಇದು ನೆಪವಾಗಬಾರದು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿರುವುದೂ ಡಿಕ್ಕಿ ತಪ್ಪಿಸುವ ಒಂದು ವ್ಯವಸ್ಥೆಯೇ. ಅದಕ್ಕೆ ಮಂಜು ಅಡ್ಡಿಯಾಗದು, ಕತ್ತಲು ಅಡ್ಡಿಯಾಗದು. ಪೆಂಚ್ ಅರಣ್ಯದ ಮೂಲಕ ಹಾದುಹೋಗುವ 44ನೇ ಹೆದ್ದಾರಿಯನ್ನು ಎತ್ತರಿಸಿ, ಅಡಿಯಲ್ಲಿ ಪ್ರಾಣಿಗಳಿಗೆ ದಾರಿ ಬಿಟ್ಟಿರುವುದೂ ಅಂತಹದೇ. ಯಂತ್ರ ಸೋತಾಗಲೂ ಸೋಲದ ಉಪಾಯಗಳಿವು.

ನಮ್ಮ ಒತ್ತಾಯ ಇಷ್ಟು. ಡಿಕ್ಕಿ ತಪ್ಪಿಸುವ ವ್ಯವಸ್ಥೆಯನ್ನು ಮಾರುವ ಮೊದಲು ಮಳೆ, ಮಂಜು, ಕತ್ತಲು ಮತ್ತು ತಿರುವುಗಳಲ್ಲಿ, ದ್ವಿಚಕ್ರ ವಾಹನ, ಹೊರೆ ಹೊತ್ತ ಪಾದಚಾರಿ ಮತ್ತು ದನದ ಬೊಂಬೆಗಳ ಮುಂದೆ ಪರೀಕ್ಷಿಸಬೇಕು. ಅದಕ್ಕಾಗಿ ಪಶ್ಚಿಮಘಟ್ಟದಲ್ಲಿ ಈಗಿರುವ ಒಂದು ರಸ್ತೆಯ ತುಣುಕನ್ನು, ಹೊಸದಾಗಿ ಒಂದು ಮರವನ್ನೂ ಕಡಿಯದೆ, ಮುಂಗಾರಿನ ಕೆಲವು ದಿನಗಳ ಮಟ್ಟಿಗೆ ಬಳಸಿಕೊಳ್ಳಬಹುದು. ಫಲಿತಾಂಶವನ್ನು, ಸೋಲುಗಳನ್ನೂ ಸೇರಿಸಿ, ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ ಪ್ರಕಟಿಸಬೇಕು. ಕೈಪಿಡಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಡಗಿರುವ ಮಿತಿಗಳನ್ನು ಮಾರಾಟದ ಹೊತ್ತಿನಲ್ಲೇ ಹೇಳುವುದು ಕಡ್ಡಾಯವಾಗಬೇಕು. ಪರೀಕ್ಷೆಯಲ್ಲಿ ಗೆದ್ದ ಸಾಧನ ಮೊದಲು ಬರಬೇಕಾದದ್ದು ಶ್ರೀಮಂತರ ಕಾರಿಗಲ್ಲ. ಘಾಟಿ ಹತ್ತುವ ಸರ್ಕಾರಿ ಬಸ್ಸಿಗೆ, ಭಾರದ ಲಾರಿಗೆ. ಇದೆಲ್ಲ ಆಗುವವರೆಗೆ ಕಾಯದೆ, ಶಾಲೆಗಳ ಬಳಿ, ತಿರುವುಗಳಲ್ಲಿ, ಪ್ರಾಣಿ ದಾಟುವ ತಾಣಗಳಲ್ಲಿ ವೇಗಮಿತಿಯನ್ನು ಜಾರಿಗೊಳಿಸಬೇಕು.

ಓದುಗ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮೂರಿನ ರಸ್ತೆಯಲ್ಲಿ ಮನುಷ್ಯರೋ ದನವೋ ಕಾಡುಪ್ರಾಣಿಯೋ ಡಿಕ್ಕಿಗೆ ಸಿಲುಕಿದ ತಾಣ, ದಿನಾಂಕ, ಹೊತ್ತು, ಮಳೆ ಇತ್ತೇ, ತಿರುವು ಇತ್ತೇ ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಮಳೆಯ ಲೆಕ್ಕ ಬರೆದಿಡುವ ಅಭ್ಯಾಸ ನಮ್ಮ ತೋಟಗಳಲ್ಲಿ ಹಳೆಯದು. ಅದೇ ಪುಸ್ತಕದ ಕೊನೆಯ ಕೆಲವು ಹಾಳೆಗಳು ಇದಕ್ಕೆ ಸಾಕು. ನಾಳೆ ಯಾವುದೋ ಸಂಸ್ಥೆ ಯಂತ್ರವನ್ನು ಪರೀಕ್ಷಿಸಲು ಇಲ್ಲಿಗೆ ಬಂದರೆ, ಎಲ್ಲಿ ಪರೀಕ್ಷಿಸಬೇಕೆಂದು ತೋರಿಸಲು ನಮ್ಮ ಬಳಿ ದಾಖಲೆ ಇರಬೇಕು. ಯಾರೂ ಬರದಿದ್ದರೆ, ವೇಗ ಎಲ್ಲಿ ಇಳಿಯಬೇಕೆಂದು ಗ್ರಾಮಸಭೆಯಲ್ಲಿ ಕೇಳಲು ಅದೇ ದಾಖಲೆ ಸಾಕು.